ಮುಂದೆ ನಿಂತಿದ್ದವಳು

ಎಡಗಡೆಯ ಸಾಲಿಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಏರ್‌ಪೋರ್ಟಿನ ತಪಾಸಣೆಯ ತಟ್ಟೆಗಳ ಹತ್ತಿರ ಇರುತ್ತಿದ್ದೆ ಎಂದುಕೊಂಡಳು ಮಂಗಳಗೌರಿ. ಇಂಥ ತಪ್ಪು ಅವಳಿಂದ ಆಗುವುದು ಕಡಿಮೆ. ಹಿಂದೂಪುರದ ಒಂದು ಕಂಪನಿಗೆ ರೇಷ್ಮೆ ನೂಲು ಬಿಚ್ಚುವ ಯಂತ್ರಗಳನ್ನು ಕಲಿಸಿಕೊಡುವ ಕೆಲಸ ಅವಳದು. ತಿಂಗಳಿಗೆ ಎರಡು ಸಲ, ಕೆಲವು ತಿಂಗಳು ಮೂರು ಸಲ, ಗುವಾಹಟಿಗೋ ಶ್ರೀನಗರಕ್ಕೋ ಹೋಗಿಬರುತ್ತಾಳೆ. ಮಕ್ಕಳ ತಳ್ಳುಗಾಡಿ ಇರುವ ಸಾಲು ತೆವಳುತ್ತದೆ, ಮದುವೆಗೆ ಹೊರಟವರ ಸಾಲು ನಿಂತೇ ಬಿಡುತ್ತದೆ, ಒಂಟಿ ಬ್ಯಾಗಿನ ಗಂಡಸರ ಹಿಂದೆ ನಿಂತರೆ ಕ್ಷೇಮ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಬಕಲ್ ಇಲ್ಲದ ಚಪ್ಪಲಿ, ಪಿನ್ನಿಲ್ಲದ ದುಪಟ್ಟಾ, ಲ್ಯಾಪ್‌ಟಾಪು ಬ್ಯಾಗಿನ ಮೇಲಿನ ಖಾನೆಯಲ್ಲಿ, ಆಧಾರ್ ಕಾರ್ಡು ಎಡಗೈಯಲ್ಲಿ. ಇವತ್ತು ದಸರಾ ರಜೆಯ ಜನ. ಐದು ಗಂಟೆಗೆ ಹಿಂದೂಪುರ ಬಿಟ್ಟು, ಚಿಲಮತ್ತೂರಿನ ಹತ್ತಿರ ಹೈವೇ ಹಿಡಿದು, ಏಳಕ್ಕೆಲ್ಲ ಬಂದು ಸೇರಿದ್ದರೂ ಒಂದು ಗಂಟೆಯಿಂದ ಇದೇ ಹಗ್ಗಪಟ್ಟಿಗಳ ನಡುವೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಸುತ್ತುತ್ತಿದ್ದಳು. ಸುತ್ತಿನಲ್ಲಿ ಎದುರಾಗುವ ಮುಖಗಳೆಲ್ಲ ಪರಿಚಯವಾಗಿಬಿಟ್ಟಿದ್ದವು. ಆಕಳಿಸುವ ಅಜ್ಜ, ಪೂರಿ ಡಬ್ಬಿಯ ಹೆಂಗಸು, ಅವಳ ಬೆನ್ನಿಗೇ ನಿಂತು ಫೋನಿನಲ್ಲಿ ಯಾರನ್ನೋ ಗದರುತ್ತಿದ್ದ ನೀಲಿ ಅಂಗಿಯವನು.

ಉಳಿದವರು ಬೈದುಕೊಳ್ಳುತ್ತ ನಿಲ್ಲುವ ಈ ಸಾಲು ಅವಳಿಗೆ ಇಷ್ಟ. ಇದನ್ನು ಗಂಡ ರಾಮಾಂಜಿನೇಯನಿಗೆ ಒಂದು ಸಲ ಹೇಳಲು ಹೋಗಿ ನಗೆಪಾಟಲಾಗಿದ್ದಳು. ಇಲ್ಲಿ ಎಂಥವನೇ ಆಗಲಿ ಬೆಲ್ಟು ಬಿಚ್ಚಬೇಕು, ಕೈ ಅಗಲಿಸಿ ನಿಲ್ಲಬೇಕು. ಅವಳಿಗಿಂತ ಹಿಂದೆ ಬಂದವನು ಹಿಂದೆಯೇ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಸೀಮೆಎಣ್ಣೆಗೆ ಬೆಳಗಿನಿಂದ ಕ್ಯಾನು ಇಟ್ಟು ಕಾದದ್ದು, ಸರದಿ ಬರುವ ಹೊತ್ತಿಗೆ ದೊಡ್ಡಮನೆಯ ಆಳು ಬಂದು ಅವಳ ಕ್ಯಾನನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ತನ್ನ ಎರಡು ಕ್ಯಾನು ಇಟ್ಟದ್ದು, ಅವಳು ಅಪ್ಪನ ಮುಖ ನೋಡಿದ್ದು. ಅಪ್ಪ ವೆಂಕಟರಾಯಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು, "ಬಿಡಮ್ಮ, ಅವರಿಗೇನೋ ಅರ್ಜೆಂಟಂತೆ" ಅಂದಿದ್ದ. ಎಣ್ಣೆ ಅವತ್ತು ಅವರ ತನಕ ಬರಲಿಲ್ಲ. ಅವತ್ತಿನಿಂದ ಅವಳಿಗೆ ಅರ್ಜೆಂಟು ಎಂಬ ಮಾತೇ ಆಗಿಬರುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರಿಗೂ ಅರ್ಜೆಂಟೇ, ಆಸ್ಪತ್ರೆಯ ಚೀಟಿ ಬರೆಸುವ ಕಡೆ ಮೊಣಕೈ ತೂರಿಸುವವರಿಗೂ ಅರ್ಜೆಂಟೇ. ಅಪ್ಪ ಸತ್ತು ಆರು ವರ್ಷವಾಯಿತು. ಆ ಟವೆಲ್ ಕೈಗೆ ತೆಗೆದುಕೊಂಡ ರೀತಿಯನ್ನು ಮಾತ್ರ ಅವಳು ಇನ್ನೂ ಕ್ಷಮಿಸಿರಲಿಲ್ಲ.

ಹಿಂದೆ ಏನೋ ಗುಸುಗುಸು. ತಿರುಗಿದರೆ, ಒಬ್ಬ ಮನುಷ್ಯ ಹಗ್ಗಪಟ್ಟಿಗಳ ಕೆಳಗೆ ಬಗ್ಗಿ ಬಗ್ಗಿ ಬರುತ್ತಿದ್ದ. ನಲವತ್ತೈದರ ಸುಮಾರು. ಅಂಗಡಿಯ ಮಡಿಕೆ ಬಿಡದ ಬಿಳಿ ಅಂಗಿ, ಕಂಕುಳಲ್ಲಿ ಹಳದಿ ಬಟ್ಟೆಯ ಚೀಲ, ಚೀಲದ ಮೇಲೆ ಕೆಂಪು ತೆಲುಗು ಅಕ್ಷರದಲ್ಲಿ ಅರುಣಾ ಟೆಂಟ್ ಹೌಸ್, ಕಲ್ಯಾಣದುರ್ಗಂ. ಪ್ರತಿಯೊಬ್ಬರ ಮುಂದೂ ನಾಲ್ಕು ಮಡಿಕೆ ಹಾಕಿದ ಪಾಸು ಬಿಚ್ಚಿ ತೋರಿಸಿ, ಕೈಮುಗಿದು, ಅವರು ಸರಿದರೆ ಮುಂದಿನವರ ಹತ್ತಿರ ಬರುತ್ತಿದ್ದ. ಪೂರಿ ಡಬ್ಬಿಯ ಹೆಂಗಸು ಬಿಟ್ಟಳು. ಅಜ್ಜ ಬಿಟ್ಟ. ನೀಲಿ ಅಂಗಿಯವನು ಕೂಡ ಫೋನು ಕಿವಿಯಿಂದ ತೆಗೆಯದೆ ಅರ್ಧ ಹೆಜ್ಜೆ ಸರಿದ. ಈಗ ಅವನು ಮಂಗಳಗೌರಿಯ ಮುಂದೆ ಬಂದು ನಿಂತ. "ಮೇಡಂ... ಟೈಮ್ ನಹೀ... ಪ್ಲೀಸ್ ಮೇಡಂ, ಜಾನಾ..." ಬೆವರಿನ ವಾಸನೆ. ಪಾಸಿನ ಮೇಲೆ ಅವಳದೇ ವಿಮಾನದ ನಂಬರು ಕಂಡಿತು. ನನ್ನದೇ ಫ್ಲೈಟು. ನಾನು ಗಾಬರಿಯಾಗದೆ ನಿಂತಿಲ್ಲವೇ? ಇವನಿಗೆ ಮಾತ್ರ ಏನು? ಎದೆಯೊಳಗೆ ಯಾವುದೋ ಹಳೆಯ ಕ್ಯಾನು ಕಾಲಿನ ಏಟಿಗೆ ಉರುಳಿದಂತಾಯಿತು. "ಎವ್ರಿಬಡಿ ಹ್ಯಾಸ್ ಎ ಫ್ಲೈಟ್. ಪ್ಲೀಸ್ ಗೋ ಬ್ಯಾಕ್ ಅಂಡ್ ಸ್ಟ್ಯಾಂಡ್ ಇನ್ ದ ಲೈನ್" ಅಂದಳು. ಅವನಿಗೆ ಅರ್ಥವಾದದ್ದು ಅವಳ ಬೆರಳು. ಅದು ಸಾಲಿನ ಕೊನೆಯನ್ನು ತೋರಿಸುತ್ತಿತ್ತು. ಅವನು ಮತ್ತೆ ಕೈಮುಗಿದ. ಅವಳು ಬೆರಳು ಇಳಿಸಲಿಲ್ಲ.

ಅಷ್ಟು ಸಾಕಾಯಿತು. ದಾರಿ ಬಿಟ್ಟವರಿಗೆಲ್ಲ ತಾವು ಮೋಸ ಹೋದೆವು ಅನ್ನಿಸಿತೋ ಏನೋ, "ಲೈನ್, ಲೈನ್" ಎಂದು ಹಿಂದಿನಿಂದ ಕೂಗು ಎದ್ದಿತು. ಯೂನಿಫಾರಂ ತೊಟ್ಟವನೊಬ್ಬ ಬಂದು ಅವನ ತೋಳು ಹಿಡಿದು ಕೊನೆಗೆ ನಡೆಸಿಕೊಂಡು ಹೋದ. "ವೆಲ್ ಸೆಡ್, ಮೇಡಂ. ಯಾರಾದರೂ ಹೇಳಬೇಕಿತ್ತು" ಅಂದ ನೀಲಿ ಅಂಗಿಯವನು. ಅವಳಿಗೆ ಖುಷಿಯಾಯಿತು. ಆ ಖುಷಿ ಎಷ್ಟು ಹೊತ್ತು ಇತ್ತು ಎಂದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದಾಳೆ. ಬಹುಶಃ ಎರಡು ನಿಮಿಷ. ಸಾಲು ಇನ್ನೊಂದು ಸುತ್ತು ತಿರುಗಿದಾಗ, ಪಟ್ಟಿಯ ಆಚೆ ದೂರದಿಂದ ಆ ಹಳದಿ ಚೀಲದವನ ದನಿ ಕೇಳಿತು, ಫೋನಿನಲ್ಲಿ, ಜೋರಾಗಿ: "ಬತ್ತೀನಿ ಕಣತ್ತಿಗೆ, ಒಳಕ್ಕೇ ಬಂದ್ಬುಟ್ಟಿವ್ನಿ. ಮೊದ್ಲು ಬ್ಯಾರೆ ಲೈನ್ನಾಗೆ ಒಂದ್ ಗಂಟೆ ನಿಂತ್ಬುಟ್ಟೆ, ಯಾರೂ ಹೇಳ್ಲಿಲ್ಲ. ಅಳಬ್ಯಾಡ. ಹೋಯ್ತೀನಿ, ಹೆಂಗಾನ ಹೋಯ್ತೀನಿ. ಅವನ್ನ ಕರ್ಕಂಡೇ ಬತ್ತೀನಿ."

ಅದು ಅವಳ ತಾಯಿ ಶಿವಲಕ್ಷ್ಮಮ್ಮನ ಮಾತು. ಚಿಲಮತ್ತೂರಿನ ಮನೆಯ ಜಗುಲಿಯ ಮಾತು. ಆಫೀಸಿನಲ್ಲಿ ತೆಲುಗು, ಊರೂರು ತಿರುಗುವಾಗ ಹಿಂದಿ, ಏರ್‌ಪೋರ್ಟಿನಲ್ಲಿ ಇಂಗ್ಲಿಷು ಎಂದು ಹಂಚಿಕೊಂಡು, ಮನೆಯೊಳಗೆ ಮಾತ್ರ ಉಳಿಸಿಕೊಂಡಿದ್ದ ಮಾತು ಈಗ ಈ ಗಾಜಿನ ಕಟ್ಟಡದಲ್ಲಿ ಹೀಗೆ ಬಟ್ಟಬಯಲಾಗಿ ಕೇಳಿ ಅವಳ ಕಿವಿ ಬಿಸಿಯಾಯಿತು. ಈಗಲೂ ತಿರುಗಬಹುದಿತ್ತು. "ಬಾರಪ್ಪ ಇತ್ಲಾಗೆ" ಅಂದರೆ ಸಾಕಿತ್ತು. ಆದರೆ ತಿರುಗಿದರೆ ನೀಲಿ ಅಂಗಿಯವನ ಮುಖ ನೋಡಬೇಕು. ಅವನು ಹೊಗಳಿ ಇನ್ನೂ ಐದು ನಿಮಿಷವಾಗಿಲ್ಲ. ತಟ್ಟೆಗಳು ಬಂದವು. ಅವಳು ಲ್ಯಾಪ್‌ಟಾಪು ತೆಗೆದಿಟ್ಟಳು, ಫೋನು ಇಟ್ಟಳು, ಪರದೆಯ ಹಿಂದೆ ಹೋಗಿ ಕೈ ಅಗಲಿಸಿ ನಿಂತಳು.

ಗೇಟಿನಲ್ಲಿ ಕೊಂಡ ಕಾಫಿ ಕುಡಿಯಲಿಲ್ಲ. ಹತ್ತುವವರೆಲ್ಲ ಹತ್ತುತ್ತಿದ್ದರು. ಅಷ್ಟರಲ್ಲಿ ಕೌಂಟರಿನ ಹುಡುಗಿ ಮೈಕಿನಲ್ಲಿ ಹೆಸರು ಕೂಗತೊಡಗಿದಳು. "ಪ್ಯಾಸೆಂಜರ್ ಮುತ್ಯಾಲ್ ಅಪ್ಪ. ಫೈನಲ್ ಕಾಲ್." ಎರಡನೇ ಸಲ ಕೂಗಿದಾಗ ಮಂಗಳಗೌರಿಗೆ ಅವನೇ ಎಂದು ಖಾತ್ರಿಯಾಯಿತು. ಎದ್ದು ಕೌಂಟರಿಗೆ ಹೋದಳು. ಅವರು ಸೆಕ್ಯುರಿಟಿ ಸಾಲಿನಲ್ಲಿದ್ದಾರೆ, ನಾನು ನೋಡಿದೆ, ಅಂದಳು. ಹುಡುಗಿ ವಾಕಿಟಾಕಿ ಬಾಯಿಯ ಹತ್ತಿರ ಹಿಡಿದು ಕೇಳಿದಳು, "ನಿಮ್ಮ ಜೊತೆಯವರಾ ಮೇಡಂ?"

"ಅಲ್ಲ."

ಹುಡುಗಿ ವಾಕಿಟಾಕಿ ಕೆಳಗಿಟ್ಟಳು. ಅದನ್ನು ಕೆಳಗಿಟ್ಟ ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ಹೌದು ಅಂದಿದ್ದರೆ ಯಾರನ್ನಾದರೂ ಓಡಿಸುತ್ತಿದ್ದಳೇನೋ. ಅದು ಸುಳ್ಳಾಗುತ್ತಿತ್ತು, ಮಂಗಳಗೌರಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ವಿಮಾನದಲ್ಲಿ ಕಿಟಕಿಯ ಹೊರಗೆ ನೋಡುತ್ತ, ತಾನು ಮಾಡಿದ್ದರಲ್ಲಿ ಒಂದಾದರೂ ತಪ್ಪು ಇದೆಯೇ ಎಂದು ಹುಡುಕಿದಳು. ಸಾಲು ಸರಿ. ಮಾತು ಸರಿ, ಬಿರುಸಾಗಿರಲಿಲ್ಲ. ಕೌಂಟರಿನಲ್ಲಿ ಹೇಳಿದ್ದು ನಿಜ. ಒಂದೊಂದನ್ನೂ ಎತ್ತಿ ನೋಡಿದರೆ ಚೊಕ್ಕಟವಾಗಿತ್ತು. ಆದರೆ "ಅಳಬ್ಯಾಡ" ಎಂದು ಅವನು ಯಾರಿಗೋ ಹೇಳುತ್ತಿದ್ದ.

ಗುವಾಹಟಿಯಲ್ಲಿ ಆರು ದಿನ ಯಂತ್ರದ ಮುಂದೆ ನಿಂತು ಹೆಂಗಸರಿಗೆ ಎಳೆ ಹಿಡಿಯುವುದನ್ನು ಕಲಿಸಿದಳು. ಬಿಸಿನೀರಿನಲ್ಲಿ ಗೂಡು ಕುಣಿಯುವಾಗ ತುದಿ ಸಿಗದೆ ಮೂರು ಸಲ ಬೆರಳು ಸುಟ್ಟುಕೊಂಡಳು. ಊರಿಗೆ ಬಂದು ಗಂಡನಿಗೆ ಹೇಳಿದಳು. ರಾಮಾಂಜಿನೇಯ ಕರೆಂಟ್ ಆಫೀಸಿನವನು, ದಿನವೂ ಕೌಂಟರಿನ ಆಚೆ ಕೂತು ಸಾಲು ನೋಡುವವನು. "ರೂಲ್ಸ್ ಪ್ರಕಾರ ನೀನು ಮಾಡಿದ್ದೇ ಸರಿ. ಲೇಟಾಗಿ ಬಂದೋನ ತಪ್ಪು ನಿಂದೆಂಗಾಯ್ತದೆ?" ಅಂದ. ಅವನು ಇಷ್ಟು ಬೇಗ ತನ್ನ ಪರ ತೀರ್ಪು ಕೊಟ್ಟದ್ದು ಅವಳಿಗೆ ಸಹಿಸಲಾಗಲಿಲ್ಲ. ಎರಡು ವಾರ ಸುಮ್ಮನಿದ್ದಳು. ಕಲ್ಯಾಣದುರ್ಗದ ಕಡೆಯ ರೇಷ್ಮೆ ಬೆಳೆಗಾರರ ಸಭೆಗೆ ಯಾರಾದರೂ ಹೋಗಬೇಕು ಎಂದು ಆಫೀಸಿನಲ್ಲಿ ಕೇಳಿದಾಗ, ಯಾವತ್ತೂ ಅಂಥದ್ದಕ್ಕೆ ಹೋಗದ ಅವಳು ಕೈ ಎತ್ತಿದಳು.

ಬಸ್ಸು ಮಡಕಶಿರಾ ದಾಟುವಾಗ ಏನು ಹೇಳಬೇಕು ಎಂದು ವಾಕ್ಯಗಳನ್ನು ಜೋಡಿಸುತ್ತಿದ್ದಳು. ಕ್ಷಮಿಸಿ ಎಂಬುದು ಅವಳ ಮನೆಯ ಮಾತಿನಲ್ಲಿ ಇಲ್ಲವೇ ಇಲ್ಲ. ಅಮ್ಮ ಯಾರಿಗಾದರೂ ತಪ್ಪು ಮಾಡಿದರೆ ಮರುದಿನ ಒಂದು ಬಟ್ಟಲು ಹುಣಸೆಹಣ್ಣೋ ಹಸಿ ಕಡಲೆಕಾಯೋ ತೆಗೆದುಕೊಂಡು ಅವರ ಮನೆಗೆ ಹೋಗಿ ಕೂತಿರುತ್ತಿದ್ದಳು, ಅಷ್ಟೆ. ಅವಳ ಬ್ಯಾಗಿನಲ್ಲಿ ಹಿಂದೂಪುರದ ಬೇಕರಿಯ ಒಂದು ಕಿಲೋ ಬಿಸ್ಕತ್ತು ಇತ್ತು. ಸಭೆ ಒಂದು ಗಂಟೆಗೆ ಮುಗಿಯಿತು. ಅರುಣಾ ಟೆಂಟ್ ಹೌಸ್ ಹುಡುಕುವುದು ಕಷ್ಟವಾಗಲಿಲ್ಲ. ಕುರ್ಚಿಗಳ ರಾಶಿಯ ಹಿಂದಿನಿಂದ ಮಾಲೀಕ "ಎವರು ಕಾವಾಲಮ್ಮಾ?" ಎಂದು, ಯಾರು ಬೇಕೆಂದು ತೆಲುಗಿನಲ್ಲಿ ಕೇಳಿದ. ಮುತ್ಯಾಲಪ್ಪ ಅಂದಾಕ್ಷಣ ಮುಖ ಸಣ್ಣ ಮಾಡಿದ. "ಪಾಪಂ. ಅವರಣ್ಣ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಕುಂದುರ್ಪಿ ರೋಡಲ್ಲಿ ಹೋಗಿ, ಅವನೇ ಮನೆ ಮುಂದೆ ಶಾಮಿಯಾನ ಹೊಲೀತಾ ಕೂತಿರ್ತಾನೆ."

ಕೂತಿದ್ದ. ಬೇವಿನ ನೆರಳಿನಲ್ಲಿ, ಕೆಂಪು ಬಿಳಿ ಪಟ್ಟಿಯ ಬಟ್ಟೆ ಗುಡ್ಡೆ ಹಾಕಿಕೊಂಡು ಗೋಣಿ ಸೂಜಿಯಿಂದ ಹರಿದ ಅಂಚು ಹೊಲಿಯುತ್ತಿದ್ದ. ತಲೆ ಬೋಳಿಸಿತ್ತು. ಅವಳನ್ನು ಕಂಡು ಎದ್ದು, ಯಾವುದೋ ಮದುವೆಗೆ ಶಾಮಿಯಾನ ಕೇಳಲು ಬಂದವಳೆಂದು, ತೆಲುಗಿನಲ್ಲಿ ಯಾವ ತಾರೀಖು ಎಂದು ಕೇಳಿದ. ಅವನಿಗೆ ಅವಳ ಗುರುತೇ ಹತ್ತಲಿಲ್ಲ. ಅದನ್ನು ಅವಳು ಎಣಿಸಿಯೇ ಇರಲಿಲ್ಲ.

"ನಾನು ಹಿಂದೂಪುರದೋಳು," ಎಂದು ಕನ್ನಡದಲ್ಲಿ ಶುರುಮಾಡಿದಳು. "ಅವತ್ತು ಗುವಾಹಟಿ ಫ್ಲೈಟಲ್ಲಿ ನಾನೂ ಇದ್ದೆ. ನಿಮ್ಮ ಹೆಸರು ಕೂಗಿದ್ರು. ಏನಾಯ್ತೋ ಅಂತ..."

"ಅದೇ ಇಮಾನದಾಗಾ?" ಅವನ ಮುಖ ಅರಳಿತು, ದೂರದ ನೆಂಟರು ಸಿಕ್ಕ ಹಾಗೆ. "ಅಷ್ಟು ನೆಪ್ಪಿಟ್ಕಂಡು ಬಂದ್ರಾ! ಕೂತ್ಕಳಿ, ಕೂತ್ಕಳಿ." ಶಾಮಿಯಾನದ ಬಟ್ಟೆಯನ್ನೇ ಮಡಿಸಿ ಹಾಸಿದ. ಕೇಳದೆಯೇ ಹೇಳತೊಡಗಿದ. ಅಣ್ಣ ಅಂಜಿ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕೆ ಹೋದವನು, ಮಹಾರಾಷ್ಟ್ರ, ಬಂಗಾಳ ಅಂತ ಹೋಗಿ ಹೋಗಿ ಅಸ್ಸಾಮಿನಲ್ಲಿ ನಿಂತುಬಿಟ್ಟ. ಒಂಬತ್ತು ವರ್ಷ. ಮೊದಲು ಫೋನು ಬರುತ್ತಿತ್ತು, ಆಮೇಲೆ ಅದೂ ಇಲ್ಲ. ಅವತ್ತಿಗೆ ಎರಡು ದಿನ ಮುಂಚೆ ಆಸ್ಪತ್ರೆಯಿಂದ ಒಬ್ಬ ನರ್ಸು ಫೋನು ಮಾಡಿ, ಅಣ್ಣನ ಕೈಗೆ ಕೊಟ್ಟಳು. "'ಬಂದು ಕರ್ಕಂಡೋಗ್ಲಾ ತಮ್ಮಾ' ಅಂದ. ಅಷ್ಟೇಯ. ನಮ್ಮ ಓನರೇ ಟಿಕೀಟು ಮಾಡ್ಸಿಕೊಟ್ರು. ಅವತ್ತು ಹತ್ತಿದ್ರೆ ಎರಡು ಗಂಟೆಗೆಲ್ಲ ಅವನತ್ರ ಇರ್ತಿದ್ದೆ. ಸಂಜೆ ಆರಕ್ಕೆ ಜೀವ ಹೋಯ್ತಂತೆ. ನಾನು ಮುಟ್ಟಿದ್ದು ಮಾರನೇ ದಿನ."

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. ಒಳಗೆ ಪಾತ್ರೆಯ ಸದ್ದಾಯಿತು. ಅವನು ದನಿ ತಗ್ಗಿಸಿದ.

"ಅವನು ಅವತ್ತೆಲ್ಲ ಒಂದೇ ಮಾತು ಕೇಳ್ತಿದ್ನಂತೆ. ಬಂದ್ನಾ, ಬಂದ್ನಾ ಅಂತ. ನಾನು ಬಂದ್ನಾ ಅಂತ. ಆ ನರ್ಸಮ್ಮಂಗೆ ಭಾಷೆ ಬರಾಕಿಲ್ವಲ್ಲ. ಬಂದನಾ ಅನ್ನೋ ಹೆಂಗಸನ್ನ ಕರೀತವ್ನೆ ಅಂದ್ಕಂಡ್ಳು. ಚೀಟಿ ಮ್ಯಾಲೆ ಬರ್ಕಂಡು ವಾರ್ಡೆಲ್ಲ ಕೇಳಿದ್ಲು. ಕೊನೆಗೆ ಕಸ ಗುಡಿಸೋ ಆಯಮ್ಮನ ಹೆಸರು ಬಂದನಾ ಅಂತಿತ್ತಂತೆ. ಅವಳನ್ನೇ ಕರ್ಕಂಬಂದು ಪಕ್ಕದಾಗೆ ಕೂರ್ಸಿದ್ರು. ಪುಣ್ಯಾತ್ಗಿತ್ತಿ, ಕೈ ಹಿಡ್ಕಂಡು ಕೂತಿದ್ಲಂತೆ. ಬಂದ್ನಾ ಅಂದಾಗೆಲ್ಲ ಹಾಂ, ಬಂದನಾ, ಹಾಂ ಅಂತಿದ್ಲಂತೆ." ಅವನು ಸ್ವಲ್ಪ ನಕ್ಕ. "ಹಂಗಾಗಿ ಅವ್ನು ನಾನು ಬಂದೆ ಅಂದ್ಕಂಡೇ ಹೋಗಿರ್ತಾನೆ. ಹಂಗಂದ್ಕಂತೀನಿ ನಾನು."

ಮಂಗಳಗೌರಿ ಬಿಸ್ಕತ್ತಿನ ಪೊಟ್ಟಣ ಮಡಿಲಲ್ಲಿ ಹಿಡಿದುಕೊಂಡೇ ಇದ್ದಳು.

"ತಪ್ಪು ಯಾರ್ದೂ ಅಲ್ಲ ಬುಡಿ," ಅಂದ ಮುತ್ಯಾಲಪ್ಪ, ಅವಳನ್ನೇ ಸಮಾಧಾನ ಮಾಡುವವನಂತೆ. "ಎಲ್ರೂ ದಾರಿ ಬುಟ್ರು. ಒಬ್ಬಮ್ಮ ಮಾತ್ರ ಬುಡ್ಲಿಲ್ಲ. ಇಂಗ್ಲಿಷಮ್ಮ. ಪಾಪ, ಅವಳಿಗೆ ನಮ್ ಕಷ್ಟ ಏನ್ ಗೊತ್ತು. ನಮ್ಮೋರು ಯಾರಾದ್ರೂ ಆಗಿದ್ರೆ ಬುಡ್ತಿದ್ರು."

ಸುಮ್ಮನಿದ್ದರೆ ಆಗುತ್ತಿತ್ತು. ಬಿಸ್ಕತ್ತು ಕೊಟ್ಟು, ನಾಲ್ಕು ಮಾತಾಡಿ, ಎರಡೂವರೆಯ ಬಸ್ಸು ಹಿಡಿಯಬಹುದಿತ್ತು. ಆ ಇಂಗ್ಲಿಷಮ್ಮ ಇಲ್ಲಿ ಯಾರಿಗೂ ಬೇಡದವಳಾಗಿ, ಯಾರ ದ್ವೇಷವೂ ಇಲ್ಲದೆ, ಹೆಸರಿಲ್ಲದೆ ಇದ್ದುಬಿಡುತ್ತಿದ್ದಳು.

"ಅದು ನಾನೇ," ಅಂದಳು.

ಅವನಿಗೆ ತಕ್ಷಣ ತಿಳಿಯಲಿಲ್ಲ. ಅವಳ ಮುಖ ನೋಡಿದ, ದುಪಟ್ಟಾ ನೋಡಿದ, ಕೊನೆಗೆ ಅವಳ ಬಲಗೈ ನೋಡಿದ. ರಸ್ತೆಯಲ್ಲಿ ಬ್ರಹ್ಮಸಮುದ್ರದ ಬಸ್ಸು ಹೋಯಿತು, ಧೂಳು ಬಂದು ಕೆಂಪು ಬಿಳಿ ಬಟ್ಟೆಯ ಮೇಲೆ ಕೂತಿತು. ಅವನು ಬೈಯಲಿ ಎಂದು ಅವಳು ಕಾದಳು. ಬೈದರೆ ಹಗುರಾಗುತ್ತದೆ ಎಂದು ಆಸೆಪಟ್ಟದ್ದು ತನಗೇ ಗೊತ್ತಾಗಿ ನಾಚಿಕೆಯಾಯಿತು.

"ಈ ಮಾತು ಅವತ್ತೂ ಬರ್ತಿತ್ತಾ ನಿಮ್ಗೆ?" ಎಂದ ಕೊನೆಗೆ.

"ಬರ್ತಿತ್ತು."

"ಫೋನ್ನಾಗೆ ಮಾತಾಡಿದ್ದು ಕೇಳುಸ್ತಾ?"

"ಕೇಳುಸ್ತು."

ಅವನು ತಲೆಯಾಡಿಸಿದ. ಸೂಜಿ ಕಿತ್ತು ಕೈಗೆ ತೆಗೆದುಕೊಂಡ, ಹರಿದ ಅಂಚಿಗೆ ಎರಡು ಹೊಲಿಗೆ ಹಾಕಿದ. "ನಮ್ಮತ್ತಿಗೆಗೆ ಹೇಳ್ಬ್ಯಾಡಿ," ಅಂದ. "ಯಾರೋ ಇಂಗ್ಲಿಷಮ್ಮ ಅಂತಾವ ಹೇಳಿವ್ನಿ. ಹಂಗೇ ಇರ್ಲಿ. ಗೊತ್ತಿಲ್ದೋರು ಮಾಡಿದ್ದು ತಡ್ಕಬೋದು ಕಣಮ್ಮ."

ಹೇಳುತ್ತಿದ್ದಂತೆಯೇ ಒಳಗಿನಿಂದ ಅಂಜಿಯ ಹೆಂಡತಿ ನಾರಮ್ಮ ಬಂದಳು. ತೆಳ್ಳಗಿನ ಹೆಂಗಸು, ಬಳೆಯಿಲ್ಲದ ಕೈ. ಕಣ್ಣು ಒಣಗಿದ್ದವು. ಅದೇ ವಿಮಾನದಲ್ಲಿ ಹೋದವರು, ವಿಚಾರಿಸಿಕೊಂಡು ಹೋಗಲು ಬಂದಿದ್ದಾರೆ ಎಂದು ಮುತ್ಯಾಲಪ್ಪ ಹೇಳಿದ. ನಾರಮ್ಮ ಒಳಗೆ ಹೋಗಿ ತಟ್ಟೆಯಲ್ಲಿ ಮುದ್ದೆ, ಹುರುಳಿ ಸಾರು ತಂದಿಟ್ಟಳು. ಬೇಡ ಅನ್ನುವ ಹಕ್ಕು ಮಂಗಳಗೌರಿಗೆ ಇರಲಿಲ್ಲ. ತುತ್ತು ಮುರಿದಳು. ನಾರಮ್ಮ ಎದುರಿಗೇ ಕುಕ್ಕರಗಾಲಲ್ಲಿ ಕೂತು ಅವಳು ತಿನ್ನುವುದನ್ನು ನೋಡುತ್ತಿದ್ದಳು.

"ನೀವು ಆ ಕಡೆ ಹೋಗಿ ಬತ್ತಾನೇ ಇರ್ತೀರಾ?"

"ಹೂಂ. ಹತ್ತು ವರ್ಷದಿಂದ."

ನಾರಮ್ಮ ಮೈದುನನ ಕಡೆ ಒಮ್ಮೆ ನೋಡಿ, ಸೆರಗಿನ ಗಂಟು ಬಿಚ್ಚಿದಳು. ಒಳಗೆ ಆಸ್ಪತ್ರೆಯ ಚೀಟಿ. ಹಿಂಬದಿಯಲ್ಲಿ ಪೆನ್ನಿನಿಂದ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಒಂದೇ ಪದ. "ಅವರ ಅಂಗಿ ಜೇಬ್ನಾಗಿತ್ತು. ಎದುರು ಮನೆ ಟೀಚರಮ್ಮ ಓದಿ, ಇದು ಆ ಕಡೆ ಹೆಂಗಸ್ರ ಹೆಸರು ಅಂದ್ಬುಟ್ಳು. ಇವ್ನು ಅಲ್ಲ ಅಂತಾನೆ. ಇವ್ನು ನನ್ನ ಸಮಾಧಾನಕ್ಕೆ ಏನ್ ಬೇಕಾದ್ರೂ ಹೇಳ್ತಾನೆ. ನೀವು ಓದಿದೋರು. ನಿಜ ಹೇಳ್ರಮ್ಮ. ಬಂದನಾ ಅಂತ ಹೆಂಗಸ್ರು ಇರ್ತಾರಾ ಅಲ್ಲಿ?"

ಒಂಬತ್ತು ವರ್ಷ ಈ ಹೆಂಗಸು ಒಂದು ಹೆಸರಿಲ್ಲದವಳ ಜೊತೆ ಒಳಗೊಳಗೇ ಜಗಳವಾಡಿದ್ದಾಳೆ, ಈಗ ಅವಳಿಗೆ ಒಂದು ಹೆಸರು ಸಿಕ್ಕಿಬಿಟ್ಟಿದೆ ಎಂಬುದು ಮಂಗಳಗೌರಿಗೆ ಹೊಳೆಯಿತು. ಹಿಂದಿನ ತಿಂಗಳು ಕಲಿಯಲು ಬಂದಿದ್ದ ಹನ್ನೆರಡು ಹೆಂಗಸರಲ್ಲಿ ಇಬ್ಬರ ಹೆಸರು ಅದೇ. ಒಬ್ಬಳಿಗೆ ದೊಡ್ಡ ಬಂದನಾ, ಇನ್ನೊಬ್ಬಳಿಗೆ ಚಿಕ್ಕ ಬಂದನಾ ಎಂದು ಅವಳೇ ಕರೆದು ಎಲ್ಲರನ್ನೂ ನಗಿಸಿದ್ದಳು. ಬೇವಿನ ಕೆಳಗೆ ಮುತ್ಯಾಲಪ್ಪನ ಸೂಜಿ ನಿಂತಿತ್ತು.

"ಇಲ್ಲ ಕಣಕ್ಕ," ಅಂದಳು ಮಂಗಳಗೌರಿ. "ಇಷ್ಟು ವರ್ಷ ತಿರುಗಿವ್ನಿ, ಅಂಥಾ ಹೆಸರು ಆ ಕಡೆ ನಾನು ಕೇಳೇ ಇಲ್ಲ. ಟೀಚರಮ್ಮಂಗೆ ಗೊತ್ತಿಲ್ಲ. ಇದು ನಮ್ಮ ಮಾತೇಯ. ತಮ್ಮ ಬಂದ್ನಾ ಅಂತ ಕೇಳವ್ರೆ."

ನಾರಮ್ಮ ಚೀಟಿಯನ್ನು ಮತ್ತೆ ನೋಡಿದಳು, ಓದಲು ಬಾರದ ಆ ಅಕ್ಷರಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು.

"ಹಂಗಾದ್ರೆ ನಮ್ ಮಾತು ಮರ್ತಿರ್ಲಿಲ್ಲ ಅವ್ರು," ಅಂದಳು.

ಆಮೇಲೆ ಬಾಗಿಲ ಹೊಸ್ತಿಲ ಮೇಲೆ ಕೂತು, ಸೆರಗು ಬಾಯಿಗೆ ಅಡ್ಡ ಹಿಡಿಯದೆ, ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಎದುರು ಮನೆಯ ಬಾಗಿಲು ತೆರೆಯಿತು. ಮುತ್ಯಾಲಪ್ಪ ಅವಳನ್ನು ತಡೆಯಲಿಲ್ಲ. ಎರಡೂವರೆಯ ಬಸ್ಸು ಹಾರನ್ ಹೊಡೆದು ಹೋಯಿತು. ಮಂಗಳಗೌರಿ ಏಳಲಿಲ್ಲ, ತಟ್ಟೆಯಲ್ಲಿದ್ದುದನ್ನು ಒಂದೊಂದೇ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಪೂರ್ತಿ ನುಂಗಿದಳು.